ದಿಗಂತದ ಬಳಿಯ ಮೋಡಗಳು ಮಾತ್ರ ಕೆಂಪಾಗುವುದೇಕೆ, ಅದೂ ಕೆಲವು ದಿನ ಮಾತ್ರ?

ಪಡುವಣ ಕಿಟಕಿ

ಕಾಲಿಗೆ ಪೆಟ್ಟಾಗಿ ಎರಡು ತಿಂಗಳಿಂದ ಮನೆಯಲ್ಲೇ ಇದ್ದೇನೆ. ನನ್ನ ಕೋಣೆಯ ಕಿಟಕಿ ಪಶ್ಚಿಮಕ್ಕಿರುವುದರಿಂದ, ಸಂಜೆಯಾದರೆ ಕತ್ತಲು ಕವಿಯುವವರೆಗೂ ಆಕಾಶವನ್ನೇ ನೋಡುತ್ತಾ ಕೂರುವುದು ರೂಢಿಯಾಗಿದೆ. ಹಾಗೆ ನೋಡುತ್ತಾ ಒಂದು ಗೊಂದಲ ಹುಟ್ಟಿಕೊಂಡಿದೆ.

ಮೊನ್ನೆ ಸೂರ್ಯ ಇನ್ನೂ ಮುಳುಗಿರಲಿಲ್ಲ. ನೆತ್ತಿಯ ಮೇಲಿದ್ದ ಮೋಡಗಳು ಹಿಂಜಿದ ಅರಳೆಯಷ್ಟು ಬೆಳ್ಳಗಿದ್ದವು. ಆದರೆ ದಿಗಂತಕ್ಕೆ ಒತ್ತಿಕೊಂಡಿದ್ದ ಮೋಡಗಳ ಸಾಲು ಕಾಯಿಸಿದ ತಾಮ್ರದಂತೆ ಕೆಂಪಗಿತ್ತು. ನಿನ್ನೆ ಅದೇ ಹೊತ್ತಿಗೆ, ನೋಡಲು ಅಷ್ಟೇ ಮೋಡಗಳಿದ್ದರೂ, ಕತ್ತಲಾಗುವವರೆಗೆ ಬೂದು ಬಣ್ಣವನ್ನು ಬಿಟ್ಟು ಬೇರೇನೂ ಕಾಣಲಿಲ್ಲ. "ನೀಲಿ ಚದುರಿಹೋಗುತ್ತದೆ, ಕೆಂಪು ಉಳಿಯುತ್ತದೆ" ಎಂದು ಶಾಲೆಯಲ್ಲಿ ಓದಿದ್ದು ನೆನಪಿದೆ. ಆ ಮಾತು ಸೂರ್ಯ ಕೆಂಪಾಗುವುದನ್ನು ವಿವರಿಸುತ್ತದೆಯೇ ಹೊರತು, ಒಂದು ಮೋಡ ಕೆಂಪಾಗಿ ಇನ್ನೊಂದು ಬೆಳ್ಳಗೇ ಉಳಿಯುವುದನ್ನಾಗಲಿ, ಒಂದು ದಿನ ಕೆಂಪಾಗಿ ಮರುದಿನ ಆಗದಿರುವುದನ್ನಾಗಲಿ ವಿವರಿಸುವುದಿಲ್ಲ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಮೂರನೇ ಬೆಂಚು

ಧೂಳು. ದಿಗಂತದ ಬಳಿ ಧೂಳು ಹೆಚ್ಚು, ನೆತ್ತಿಯ ಮೇಲೆ ಕಡಿಮೆ, ಅಷ್ಟೇ ವ್ಯತ್ಯಾಸ.

ಬೆಳಕಿನ ಲೆಕ್ಕ

ಧೂಳೊಂದೇ ಕಾರಣವೆನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದು ಕಣ ಧೂಳೂ ಇಲ್ಲದ ಶುದ್ಧ ಗಾಳಿಯಲ್ಲೂ ಸಂಜೆ ಕೆಂಪಾಗಿಯೇ ಇರುತ್ತದೆ. ಮೊದಲು ಆ ಲೆಕ್ಕವನ್ನು ನೋಡೋಣ.

ಗಾಳಿಯ ಅಣುಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕವು. ಅಷ್ಟು ಚಿಕ್ಕ ಕಣಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ. ಆದ್ದರಿಂದ 450 ನ್ಯಾನೋಮೀಟರ್‌ನ ನೀಲಿ ಬೆಳಕು 650 ನ್ಯಾನೋಮೀಟರ್‌ನ ಕೆಂಪು ಬೆಳಕಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಸೂರ್ಯ ನೆತ್ತಿಯ ಮೇಲಿರುವಾಗ ಇದರ ಪರಿಣಾಮ ಅಲ್ಪ: ಶುದ್ಧ ಗಾಳಿಯನ್ನು ದಾಟಿ ಸಮುದ್ರಮಟ್ಟಕ್ಕೆ ಬರುವಾಗ ನೀಲಿಯಲ್ಲಿ 100ಕ್ಕೆ ಸುಮಾರು 80 ಪಾಲು, ಕೆಂಪಿನಲ್ಲಿ ಸುಮಾರು 95 ಪಾಲು ನೇರವಾಗಿ ಬಂದು ತಲುಪುತ್ತದೆ. ಸೂರ್ಯ ದಿಗಂತಕ್ಕೆ ಇಳಿದಾಗ ಅದೇ ಬೆಳಕು ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ಹಾದುಬರಬೇಕು. ಆಗ ಕೆಂಪಿನಲ್ಲಿ 100ಕ್ಕೆ 15ರಷ್ಟು ಪಾಲು ಉಳಿದರೆ, ನೀಲಿಯಲ್ಲಿ 10,000ಕ್ಕೆ ಎರಡು ಪಾಲು ಉಳಿಯುವುದೂ ಕಷ್ಟ. ಧೂಳಿನ ಹೆಸರನ್ನೇ ಎತ್ತದೆ ಬಂದ ಲೆಕ್ಕವಿದು.

ಮೋಡದ ಹನಿಗಳು ಹಾಗಲ್ಲ. ಅವುಗಳ ಅಡ್ಡಳತೆ ಸಾಮಾನ್ಯವಾಗಿ 10ರಿಂದ 20 ಮೈಕ್ರೋಮೀಟರ್, ಅಂದರೆ ಬೆಳಕಿನ ತರಂಗಾಂತರದ ಹತ್ತಾರು ಪಟ್ಟು. ಅಷ್ಟು ದೊಡ್ಡ ಹನಿಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಹಾಗಾಗಿಯೇ ಮೋಡ ಹಗಲಿನಲ್ಲಿ ಬಿಳಿ. ತನ್ನ ಮೇಲೆ ಯಾವ ಬಣ್ಣ ಬಿದ್ದಿತೋ ಅದನ್ನೇ ಅದು ತೋರಿಸುತ್ತದೆ.

ನಡುಬಾನು

ಇದನ್ನು ಕಂಡುಹಿಡಿದವರು ಸರ್ ಸಿ. ವಿ. ರಾಮನ್ ಅಲ್ಲವೇ? ರಾಮನ್ ಪರಿಣಾಮವೆಂದರೆ ಇದೇ ಎಂದು ನಾನು ಇಷ್ಟು ದಿನ ನಂಬಿದ್ದೆ. ಆ ಹೆಸರನ್ನು ಬಿಟ್ಟು ಈ ವಿಷಯ ಮಾತನಾಡುವುದು ಸರಿಯಲ್ಲ.

ಹಳೆಯ ಮೇಷ್ಟ್ರು

ರಾಮನ್ ಅವರ ಮೇಲಿನ ನಿಮ್ಮ ಅಭಿಮಾನ ನನಗೂ ಇದೆ, ಆದರೆ ಇವೆರಡು ಬೇರೆ ಬೇರೆ. ಆಕಾಶದ ನೀಲಿಯನ್ನೂ ಸಂಜೆಯ ಕೆಂಪನ್ನೂ ವಿವರಿಸುವ ನಿಯಮವನ್ನು 1871ರಲ್ಲಿ ಕೊಟ್ಟವರು ಮುಂದೆ ಲಾರ್ಡ್ ರೇಲೀ ಎಂದು ಹೆಸರಾದ ಇಂಗ್ಲೆಂಡಿನ ವಿಜ್ಞಾನಿ. ಚದುರಿಸುವುದಕ್ಕೆ ತೇಲುವ ಕಣಗಳೇ ಬೇಕಾಗಿಲ್ಲ, ಗಾಳಿಯ ಅಣುಗಳೇ ಸಾಕು ಎಂದು ಅವರು 1899ರಲ್ಲಿ ತೋರಿಸಿದರು. ಈ ಚದುರುವಿಕೆಯಲ್ಲಿ ಬೆಳಕು ದಿಕ್ಕನ್ನು ಬದಲಿಸುತ್ತದೆ, ಬಣ್ಣವನ್ನು ಬದಲಿಸುವುದಿಲ್ಲ. 1928ರ ಫೆಬ್ರವರಿ 28ರಂದು ರಾಮನ್ ಅವರು ಕಂಡದ್ದು, ಚದುರಿದ ಬೆಳಕಿನ ಅತ್ಯಲ್ಪ ಪಾಲು ತನ್ನ ತರಂಗಾಂತರವನ್ನೇ ಬದಲಿಸಿಕೊಳ್ಳುತ್ತದೆ ಎಂಬುದನ್ನು. ಅದು ಎಷ್ಟು ಕ್ಷೀಣವೆಂದರೆ, ಮೋಡದ ಕೆಂಪಿನಲ್ಲಿ ಅದರ ಪಾತ್ರವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಆದರೂ ಅವರ ಹೆಸರು ಈ ಚರ್ಚೆಗೆ ಹೊರಗಿನದಲ್ಲ. 1921ರಲ್ಲಿ ಹಡಗಿನಲ್ಲಿ ಹಿಂದಿರುಗುವಾಗ ಸಮುದ್ರದ ನೀಲಿಯನ್ನು ನೋಡಿ, ಅದು ಆಕಾಶದ ಬರೀ ಪ್ರತಿಬಿಂಬ ಎಂಬ ರೇಲೀ ಅವರ ಮಾತನ್ನು ಅವರು ಒಪ್ಪದೆ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ವಾದಿಸಿದರು. ಮುಂದಿನ ದಾರಿಗೆ ಅದೇ ಮೊದಲ ಹೆಜ್ಜೆ.

ನಡುಬಾನು

ತಿದ್ದಿದ್ದಕ್ಕೆ ಧನ್ಯವಾದಗಳು, ಮೇಷ್ಟ್ರೇ. ನನ್ನ ಮಗಳಿಗೆ ತಪ್ಪು ಹೇಳಿಕೊಟ್ಟಿದ್ದೆ, ಇವತ್ತೇ ಸರಿಪಡಿಸುತ್ತೇನೆ.

ಪಡುವಣ ಕಿಟಕಿ

ಎಲ್ಲರಿಗೂ ವಂದನೆಗಳು. ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ. ಮೋಡ ತನ್ನ ಮೇಲೆ ಬಿದ್ದ ಬಣ್ಣವನ್ನೇ ತೋರಿಸುವುದಾದರೆ, ಒಂದೇ ಸೂರ್ಯ, ಒಂದೇ ಹೊತ್ತು, ಆದರೂ ನೆತ್ತಿಯ ಮೋಡ ಬಿಳಿ, ದಿಗಂತದ ಮೋಡ ಕೆಂಪು, ಇದು ಹೇಗೆ?

ಮುಗಿಲ್ಗಾವಲು

ಬೆಳಕಿನ ಲೆಕ್ಕ ಅವರು ಹೇಳಿದ್ದು ಸರಿ, ಆದರೆ ಅರ್ಧ ದಾರಿಯದು ಮಾತ್ರ. ಮೋಡದಿಂದ ನಮ್ಮ ಕಣ್ಣಿಗೆ ಬರುವ ಬೆಳಕು ಎರಡು ದಾರಿಗಳನ್ನು ಸವೆಸಿರುತ್ತದೆ: ಮೊದಲನೆಯದು ಸೂರ್ಯನಿಂದ ಮೋಡಕ್ಕೆ, ಎರಡನೆಯದು ಮೋಡದಿಂದ ಕಣ್ಣಿಗೆ. ಪಠ್ಯಪುಸ್ತಕಗಳು ಮೊದಲನೆಯದನ್ನು ಹೇಳಿ ಸುಮ್ಮನಾಗುತ್ತವೆ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಎರಡನ್ನೂ ಕೂಡಿಸಿದಾಗ.

ನೆತ್ತಿಯ ಮೇಲಿನ ಮೋಡವನ್ನು ತೆಗೆದುಕೊಳ್ಳಿ. ಅದು 10 ಕಿಲೋಮೀಟರ್ ಎತ್ತರದಲ್ಲಿರುವ ಸಿರಸ್ ಮೋಡವಾದರೆ, ಗಾಳಿಯ ಸುಮಾರು ಮುಕ್ಕಾಲು ಪಾಲು ಅದರ ಕೆಳಗೇ ಇರುತ್ತದೆ. ನಮಗೆ ಸೂರ್ಯ ದಿಗಂತವನ್ನು ಮುಟ್ಟಿದ ಕ್ಷಣದಲ್ಲಿ ಆ ಮೋಡಕ್ಕೆ ಸೂರ್ಯ ಅದರ ದಿಗಂತಕ್ಕಿಂತ ಇನ್ನೂ ಸುಮಾರು 3 ಡಿಗ್ರಿ ಮೇಲಿರುತ್ತಾನೆ. ಹೀಗಾಗಿ ಅದರ ಮೇಲೆ ಬೀಳುವ ಬೆಳಕು ಇನ್ನೂ ಅಷ್ಟು ಸೋಸಿಹೋಗಿರುವುದಿಲ್ಲ. ಅಲ್ಲಿಂದ ನಮ್ಮ ಕಣ್ಣಿಗೆ ನೇರ ಕೆಳಗಿಳಿಯುವ 10 ಕಿಲೋಮೀಟರ್ ದಾರಿಯಲ್ಲಿ ಕಳೆದುಕೊಳ್ಳುವುದೂ ಸ್ವಲ್ಪವೇ. ಆದ್ದರಿಂದ ಅದು ಬಿಳಿ.

ದಿಗಂತದ ಮೋಡ ನಮ್ಮಿಂದ ಎಷ್ಟು ದೂರವಿದೆ ಎಂಬುದನ್ನು ಬಹಳ ಜನ ಊಹಿಸಿರುವುದಿಲ್ಲ. 1 ಕಿಲೋಮೀಟರ್ ಎತ್ತರದ ಮೋಡ ದಿಗಂತದ ಗೆರೆಯ ಮೇಲೆ ಕಂಡರೆ ಅದು 110 ಕಿಲೋಮೀಟರ್ ದೂರದಲ್ಲಿರಬಹುದು. 10 ಕಿಲೋಮೀಟರ್ ಎತ್ತರದ್ದಾದರೆ 350 ಕಿಲೋಮೀಟರ್. ಅಷ್ಟು ದೂರದಿಂದ ನೆಲಕ್ಕೆ ಸಮಾನಾಂತರವಾಗಿ, ದಟ್ಟವಾದ ಕೆಳಗಾಳಿಯನ್ನು ಸೀಳಿಕೊಂಡು ಬರುವ ಬೆಳಕಿನಲ್ಲಿ ನೀಲಿ ಉಳಿಯುವುದು ಹೇಗೆ? ಹಗಲಿನಲ್ಲೂ ದೂರದ ಮೋಡಗಳನ್ನು ಗಮನಿಸಿ ನೋಡಿ: ಹತ್ತಿರದವು ಅಚ್ಚ ಬಿಳಿಯಾದರೆ, ದಿಗಂತದ ಬಳಿಯವು ಹಳೆಯ ಕಾಗದದಂತೆ ತುಸು ಹಳದಿಯಾಗಿರುತ್ತವೆ. ಅದು ಪೂರ್ತಿ ಎರಡನೆಯ ದಾರಿಯ ಕೆಲಸ. ಸಂಜೆ ಅದಕ್ಕೆ ಮೊದಲನೆಯ ದಾರಿಯ ಕೆಂಪೂ ಸೇರಿಕೊಂಡಾಗ ನಿಮ್ಮ ತಾಮ್ರದ ಬಣ್ಣ ಬರುತ್ತದೆ.

ಸೂಜಿಮೊನೆ

ಒಂದು ಆಕ್ಷೇಪ. ದೂರದ ಬೆಟ್ಟಗಳು ನೀಲಿಯಾಗಿ ಕಾಣುತ್ತವೆಯಲ್ಲ? ಅದೇ ಗಾಳಿ, ಅದೇ ದೂರ. ಮೋಡವನ್ನು ಹಳದಿಯಾಗಿಸುವ ಗಾಳಿ ಬೆಟ್ಟವನ್ನೇಕೆ ನೀಲಿಯಾಗಿಸಬೇಕು?

ಮುಗಿಲ್ಗಾವಲು

ಬಹಳ ಒಳ್ಳೆಯ ಆಕ್ಷೇಪ. ಕಾಡು ತುಂಬಿದ ಬೆಟ್ಟ ಕಪ್ಪಗಿರುತ್ತದೆ. ಅದರಿಂದ ಬರುವ ಬೆಳಕು ಅಲ್ಪ. ನಡುವಿನ ಗಾಳಿ ಚದುರಿಸಿ ನಮ್ಮತ್ತ ಕಳಿಸುವ ನೀಲಿಯೇ ಅಲ್ಲಿ ಮೇಲುಗೈ ಪಡೆಯುತ್ತದೆ. ಮೋಡ ಸ್ವತಃ ಬಹಳ ಪ್ರಕಾಶಮಾನವಾದ್ದರಿಂದ, ಗಾಳಿ ಸೇರಿಸುವ ನೀಲಿಗಿಂತ ಗಾಳಿ ಕದಿಯುವ ನೀಲಿಯೇ ಎದ್ದು ಕಾಣುತ್ತದೆ. ಹಿಮ ಮುಚ್ಚಿದ ದೂರದ ಶಿಖರವೂ ಇದೇ ಕಾರಣಕ್ಕೆ ಮೋಡದಂತೆ ಹಳದಿಗೆ ತಿರುಗುತ್ತದೆ, ಅದರ ಪಕ್ಕದ ಕಪ್ಪು ಬಂಡೆ ನೀಲಿಗೆ ತಿರುಗುತ್ತದೆ.

ಸೂಜಿಮೊನೆ

ಒಪ್ಪಿದೆ.

ಹಳೆಯ ಮೇಷ್ಟ್ರು

ನಾನು ತರಗತಿಯಲ್ಲಿ ಮಾಡುತ್ತಿದ್ದ ಒಂದು ಪ್ರಯೋಗವನ್ನು ಇಲ್ಲಿ ಬರೆಯಲೇಬೇಕು. ಮೀನು ಸಾಕುವ ಉದ್ದನೆಯ ಗಾಜಿನ ತೊಟ್ಟಿಗೆ ತಿಳಿನೀರು ತುಂಬಿ, ಕೋಣೆಯನ್ನು ಕತ್ತಲು ಮಾಡಿ, ಒಂದು ತುದಿಯಿಂದ ಟಾರ್ಚ್ ಬಿಡಬೇಕು. ತಂತಿ ಬಲ್ಬಿನ ಟಾರ್ಚಿಗಿಂತ ಎಲ್‌ಇಡಿ ಟಾರ್ಚ್ ಒಳ್ಳೆಯದು, ಏಕೆಂದರೆ ಅದರಲ್ಲಿ ನೀಲಿ ಹೆಚ್ಚಿರುತ್ತದೆ. ಇನ್ನೊಂದು ತುದಿಯ ಗಾಜಿನಾಚೆ, ಬೆಳಕು ಹೊರಬೀಳುವಲ್ಲಿ, ಕಪ್ಪು ಬಟ್ಟೆಯ ಮೇಲೆ ಒಂದು ಹತ್ತಿಯ ಉಂಡೆಯನ್ನು ಇಡಬೇಕು. ಅದೇ ನಮ್ಮ ಮೋಡ. ಬಳಿಕ ನೀರಿಗೆ ಒಂದೊಂದೇ ಹನಿ ಹಾಲನ್ನು ಬಿಟ್ಟು ಕಲಕುತ್ತಾ ಹೋಗಬೇಕು. ಮೊದಲ ಕೆಲವು ಹನಿಗಳಿಗೆ ಹತ್ತಿ ಬಿಳಿಯಾಗಿಯೇ ಇರುತ್ತದೆ. ಆಮೇಲೆ ಕೆನೆಯ ಬಣ್ಣ, ಬಳಿಕ ಹಳದಿ, ಕೊನೆಗೆ ಕಿತ್ತಳೆ. ಪಕ್ಕದಿಂದ ನೋಡಿದರೆ ತೊಟ್ಟಿಯ ನೀರು ಟಾರ್ಚಿನ ಬಳಿ ತೆಳುವಾದ ನೀಲಿಯಲ್ಲಿ ಹೊಳೆಯುತ್ತಿರುತ್ತದೆ. ಹತ್ತಿಯಿಂದ ಕಾಣೆಯಾದ ನೀಲಿ ಅಲ್ಲಿರುತ್ತದೆ.

ಒಮ್ಮೆ ಒಬ್ಬ ಹುಡುಗಿ, "ಸರ್, ಹತ್ತಿಗೆ ಬಣ್ಣ ಹಚ್ಚಿದ್ದೀರಾ?" ಎಂದು ಕೇಳಿ, ಎದ್ದು ಬಂದು, ಆ ಉಂಡೆಯನ್ನು ಕೈಗೆ ತೆಗೆದುಕೊಂಡು ಕಿಟಕಿಯ ಪರದೆ ಸರಿಸಿ ನೋಡಿದಳು. ಬೆಳ್ಳಗಿತ್ತು. ಮತ್ತೆ ತಂದು ಅದೇ ಜಾಗದಲ್ಲಿಟ್ಟಾಗ ಅದು ಪುನಃ ಕಿತ್ತಳೆಯಾಯಿತು. ಮೋಡಕ್ಕೆ ಸ್ವಂತ ಬಣ್ಣವಿಲ್ಲ ಎಂಬುದನ್ನು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದರೂ ಆ ಒಂದು ಕ್ಷಣದಷ್ಟು ಚೆನ್ನಾಗಿ ಅದು ಯಾರಿಗೂ ತಿಳಿದಿರಲಿಲ್ಲ.

ಮೂರನೇ ಬೆಂಚು

ಮೇಷ್ಟ್ರೇ, ನಿಮ್ಮ ಪ್ರಯೋಗ ನನ್ನ ಮಾತನ್ನೇ ಎತ್ತಿಹಿಡಿಯುತ್ತದೆ. ಹಾಲಿನ ಕಣಗಳೆಂದರೆ ನೀರಿನಲ್ಲಿ ತೇಲುವ ಧೂಳೇ ಅಲ್ಲವೇ? ಅವು ಇಲ್ಲದಿದ್ದಾಗ ಹತ್ತಿ ಬಿಳಿಯಾಗಿತ್ತು, ಬಂದ ಮೇಲೆ ಕಿತ್ತಳೆಯಾಯಿತು. ನಮ್ಮ ಭಾಷೆಯಲ್ಲಿ ಸಂಜೆಗೆ ಗೋಧೂಳಿ ಎಂಬ ಹೆಸರೇ ಇದೆ. ಸಂಜೆಗೂ ಧೂಳಿಗೂ ಇರುವ ನಂಟನ್ನು ಹಿಂದಿನವರು ಕಂಡಿದ್ದರು. ಇನ್ನು 1883ರ ಆಗಸ್ಟ್‌ನಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದ ಮೇಲೆ ತಿಂಗಳುಗಟ್ಟಲೆ ಜಗತ್ತಿನ ಸಂಜೆಗಳು ರಕ್ತದಂತೆ ಕೆಂಪಾದದ್ದು ಚರಿತ್ರೆಯಲ್ಲೇ ದಾಖಲಾಗಿದೆ. ಆ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಪೊಕಿಪ್ಸಿ ಮತ್ತು ನ್ಯೂ ಹೇವನ್ ಊರುಗಳಲ್ಲಿ ಎಲ್ಲೋ ಬೆಂಕಿ ಬಿದ್ದಿದೆಯೆಂದು ಅಗ್ನಿಶಾಮಕ ದಳದವರೇ ಹೊರಟಿದ್ದರು. ಇದಕ್ಕೇನು ಹೇಳುತ್ತೀರಿ?

ಬಣ್ಣದ ಪೆಟ್ಟಿಗೆ

ಕ್ರಕಟೋವಾದ ಹೆಸರು ಬಂದದ್ದರಿಂದ ಒಂದು ಮಾತು. ಲಂಡನ್ನಿನ ಚೆಲ್ಸಿಯಲ್ಲಿ ವಿಲಿಯಂ ಆಸ್ಕ್ರಾಫ್ಟ್ ಎಂಬ ಚಿತ್ರಕಾರರು ಆ ಸಂಜೆಗಳನ್ನು ಥೇಮ್ಸ್ ನದಿಯ ದಡದಲ್ಲಿ ಕುಳಿತು ಪ್ಯಾಸ್ಟೆಲ್‌ನಲ್ಲಿ ಚಿತ್ರಿಸಿಟ್ಟರು. ಅಂಥ ಚಿತ್ರಗಳ ಸಂಖ್ಯೆ 500ಕ್ಕೂ ಹೆಚ್ಚು. ಬಣ್ಣದ ಛಾಯಾಚಿತ್ರ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಆ ಆಕಾಶ ಹೇಗಿತ್ತೆಂದು ತಿಳಿಯಲು ಅವು ದೊಡ್ಡ ಆಸರೆ.

ನಾನೂ ಮೋಡಗಳನ್ನು ಚಿತ್ರಿಸುವವಳು. ಇಷ್ಟು ವರ್ಷ ಕುಳಿತು ಬರೆದ ಅನುಭವದಿಂದ ಒಂದು ವಿಷಯವನ್ನು ಖಚಿತವಾಗಿ ಹೇಳಬಲ್ಲೆ: ಕೆಂಪು ಇಡೀ ಮೋಡಕ್ಕೆ ಒಟ್ಟಿಗೆ ಹತ್ತುವುದಿಲ್ಲ. ಸೂರ್ಯ ಮುಳುಗುವ ಮುನ್ನ ಅದು ಮೋಡದ ಪಡುವಣ ಪಕ್ಕಕ್ಕೆ ಹತ್ತುತ್ತದೆ. ಮುಳುಗಿದ ಮೇಲೆ ಅಡಿಬದಿಗೆ ಬರುತ್ತದೆ, ಏಕೆಂದರೆ ಆಗ ಬೆಳಕು ಕೆಳಗಿನಿಂದ ಮೇಲಕ್ಕೆ ಓರೆಯಾಗಿ ತಾಗುತ್ತಿರುತ್ತದೆ. ಅಡಿಬದಿಯಲ್ಲಿ ಅಲೆಅಲೆಯಾದ ಮಡಿಕೆಗಳಿದ್ದರೆ ಪ್ರತಿ ಮಡಿಕೆಯ ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಬೂದು ಬೆರೆತ ನೇರಳೆ. ಆ ನೇರಳೆಯನ್ನು ಬಿಟ್ಟು ಬರೀ ಕೆಂಪನ್ನು ಬಳಿದರೆ ಮೋಡ ತಗಡಿನಂತೆ ಚಪ್ಪಟೆಯಾಗಿಬಿಡುತ್ತದೆ. ನೆರಳಿನ ಮಗ್ಗುಲಿಗೆ ಮೇಲಿನ ನೀಲಿ ಆಕಾಶದ ಬೆಳಕು ಬೀಳುತ್ತಿರುವುದರಿಂದ ಹಾಗಾಗುತ್ತದೆ ಎಂದುಕೊಂಡಿದ್ದೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಬೆಳಕಿನ ಲೆಕ್ಕ

ತಪ್ಪೇನೂ ಇಲ್ಲ, ಮೇಡಂ. ನೀವು ಹೇಳಿದ್ದೇ ಸರಿ. ಆ ಹೊತ್ತಿನ ಆಕಾಶದ ನೀಲಿಗೆ ಇನ್ನೊಂದು ಕಾರಣವೂ ಇದೆ. ಮುಸ್ಸಂಜೆಯಲ್ಲಿ ಓರೆಯಾಗಿ ಬರುವ ಬೆಳಕು ಓಝೋನ್ ಪದರದಲ್ಲಿ ಬಹು ದೂರ ಸಾಗುತ್ತದೆ. ಓಝೋನ್ ಅದರಲ್ಲಿನ ಹಳದಿ ಮತ್ತು ಕಿತ್ತಳೆಯನ್ನು ಹೀರಿಕೊಂಡು ನೀಲಿಯನ್ನು ಬಿಡುತ್ತದೆ. ಎಡ್ವರ್ಡ್ ಹಲ್ಬರ್ಟ್ ಎಂಬ ವಿಜ್ಞಾನಿ 1953ರಲ್ಲಿ ಇದನ್ನು ತೋರಿಸಿದರು.

ಮುಗಿಲ್ಗಾವಲು

ಮೂರನೇ ಬೆಂಚು ಅವರಿಗೆ. ಕ್ರಕಟೋವಾದಿಂದ ಆದದ್ದು ನಿಜ, ಆದರೆ ಅದನ್ನು ನೆಲದ ಧೂಳಿನೊಡನೆ ಸೇರಿಸಬಾರದು. ಬೂದಿಯ ದಪ್ಪ ಕಣಗಳು ಬೇಗನೆ ಕೆಳಗೆ ಬಿದ್ದುಹೋಗುತ್ತವೆ. ತಿಂಗಳುಗಟ್ಟಲೆ ಉಳಿದದ್ದು ಗಂಧಕದ ಅನಿಲದಿಂದಾದ ಆಮ್ಲದ ಅತಿ ಸಣ್ಣ ಹನಿಗಳು, ಅದೂ ಮಳೆ ತಲುಪದ ಸ್ತರಗೋಳದಲ್ಲಿ. 1991ರಲ್ಲಿ ಪಿನಟುಬೋ ಸಿಡಿದಾಗಲೂ ಹೀಗೆಯೇ ಆಯಿತು. ಅಲ್ಲಿ ಕೆಂಪಾದದ್ದು ಮುಖ್ಯವಾಗಿ ಮೋಡವಿಲ್ಲದ ಆಕಾಶ, ಅದೂ ಸೂರ್ಯ ಮುಳುಗಿ ಬಹಳ ಹೊತ್ತಾದ ಮೇಲೆ.

ನೆಲಕ್ಕೆ ಹತ್ತಿರವಿರುವ ಧೂಳು ಮತ್ತು ಹೊಗೆಮಂಜು ಮಾಡುವುದು ಹೆಚ್ಚಾಗಿ ತದ್ವಿರುದ್ಧ ಕೆಲಸ. ಅವುಗಳ ಕಣಗಳಲ್ಲಿ ಅನೇಕವು ಬೆಳಕಿನ ತರಂಗಾಂತರದಷ್ಟೇ ಅಥವಾ ಅದಕ್ಕಿಂತ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಮಸುಕಾಗಿಸುತ್ತವೆ. ಸೂರ್ಯನ ಬಿಂಬ ಕೆಂಪಾಗಿ ಕಾಣಬಹುದು, ಆದರೆ ಮೋಡಗಳಿಗೆ ಮೆರುಗು ಬರುವುದಿಲ್ಲ. ಇಡೀ ಪಡುವಣವೇ ಮಾಸಲು ಹಳದಿಯಾಗಿ ಕಂದಿಹೋಗುತ್ತದೆ. ಮಳೆ ಬಂದು ಗಾಳಿ ತೊಳೆದಂತಾದ ಸಂಜೆಗಳನ್ನು ನೆನಪಿಸಿಕೊಳ್ಳಿ. ಅತ್ಯಂತ ಉಜ್ವಲವಾದ ಮೋಡಗಳನ್ನು ನಾನು ಕಂಡದ್ದು ಅಂಥ ಸಂಜೆಗಳಲ್ಲೇ. ಎತ್ತರದ ಮೋಡಗಳು ಹೆಚ್ಚು ಶುಭ್ರವಾಗಿ ಉರಿಯುವುದೂ ಇದರಿಂದಲೇ: ಅವುಗಳಿಗೆ ತಾಗುವ ಬೆಳಕು ಕೆಳಗಿನ ಕೊಳೆಗಾಳಿಯನ್ನು ಹೆಚ್ಚು ಹಾದುಬರಬೇಕಾಗಿಲ್ಲ.

ಹಳೆಯ ಮೇಷ್ಟ್ರು

ಮುಗಿಲ್ಗಾವಲು ಅವರ ಮಾತನ್ನು ಅದೇ ತೊಟ್ಟಿಯಲ್ಲಿ ನೋಡಬಹುದು. ಹಾಲಿನ ಬದಲು ಸೀಮೆಸುಣ್ಣದ ಪುಡಿಯನ್ನು ಕಲಕಿ ನೋಡಿ. ಹತ್ತಿ ಮಂಕಾಗುತ್ತದೆಯೇ ಹೊರತು ಕಿತ್ತಳೆಯಾಗುವುದಿಲ್ಲ. ಹಾಲನ್ನೇ ಅತಿಯಾಗಿ ಸುರಿದರೂ ಅಷ್ಟೇ: ತೊಟ್ಟಿಯೆಲ್ಲ ಬಿಳಿಚಿಕೊಂಡು ಹತ್ತಿ ಕಾಣದಂತಾಗುತ್ತದೆ. ಕಣ ಎಷ್ಟು ಸಣ್ಣದು, ಎಷ್ಟು ವಿರಳ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೂರನೇ ಬೆಂಚು

ಸೀಮೆಸುಣ್ಣದ ಮಾತಿನಿಂದ ನನಗೆ ಮನವರಿಕೆಯಾಯಿತು. ನೆಲದ ಧೂಳಿನ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ; ಸಣ್ಣ ಕಣಗಳ ವಾದವನ್ನು ಉಳಿಸಿಕೊಳ್ಳುತ್ತೇನೆ.

ಬೆಳಕಿನ ಲೆಕ್ಕ

ಅದನ್ನು ಖಂಡಿತ ಉಳಿಸಿಕೊಳ್ಳಿ. ಕಾಡ್ಗಿಚ್ಚಿನ ಸಣ್ಣ ಹೊಗೆಕಣಗಳು ಸೂರ್ಯ ಸಾಕಷ್ಟು ಮೇಲಿರುವಾಗಲೇ ಅವನನ್ನು ಕೆಂಪಾಗಿಸುತ್ತವೆ. ಇನ್ನು ಮಂಗಳ ಗ್ರಹದಲ್ಲಿ ಧೂಳಿನದೇ ದರ್ಬಾರು. ಅಲ್ಲಿ ಹಗಲಿನ ಆಕಾಶ ಕೆಂಗಂದು, ಮುಳುಗುವ ಸೂರ್ಯನ ಸುತ್ತ ನೀಲಿ. ಕ್ಯೂರಿಯಾಸಿಟಿ ನೌಕೆ 2015ರ ಏಪ್ರಿಲ್ 15ರಂದು ಅದರ ಚಿತ್ರಗಳನ್ನು ತೆಗೆಯಿತು.

ನೆರಳು-ಬೆಳಕು

ಛಾಯಾಚಿತ್ರ ತೆಗೆಯುವವರಿಗೆ ಒಂದು ಸೂಚನೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ, ಅದು ಸಂಜೆಯ ಕೆಂಪನ್ನು ದೋಷವೆಂದು ತಿಳಿದು ಅಳಿಸಲು ನೋಡುತ್ತದೆ. ಅದನ್ನು ಹಗಲು ಬೆಳಕಿಗೆ, ಅಂದರೆ ಸುಮಾರು 5,500 ಕೆಲ್ವಿನ್‌ಗೆ ನಿಲ್ಲಿಸಿ ತೆಗೆದರೆ ಕಣ್ಣಿಗೆ ಕಂಡದ್ದು ಚಿತ್ರದಲ್ಲೂ ಉಳಿಯುತ್ತದೆ.

ಎಲೆಮರೆ

ನಾನು ಕೆಂಪು ಮತ್ತು ಹಸಿರಿನ ಬಣ್ಣಗುರುಡು ಇರುವವನು. ನೀವೆಲ್ಲ ಹೇಳುತ್ತಿರುವ ಕೆಂಪು ನನಗೆ ಒಂದು ಬಗೆಯ ಮಾಸಲು ಹಳದಿಯಾಗಿ ಕಾಣುತ್ತದೆ. ಆದರೂ ಸೂರ್ಯ ಮುಳುಗಿದ ಕೆಲವು ನಿಮಿಷಗಳಲ್ಲಿ ಮೋಡಗಳಲ್ಲಿ ಏನೋ ಆಗುತ್ತಿದೆ ಎಂಬುದು ನನಗೂ ಸ್ಪಷ್ಟವಾಗಿ ತಿಳಿಯುತ್ತದೆ. ಅದೇನೆಂದು ಯಾರಾದರೂ ಹೇಳಬಲ್ಲಿರಾ?

ಬಣ್ಣದ ಪೆಟ್ಟಿಗೆ

ನೀವು ಕಾಣುತ್ತಿರುವುದು ಬೆಳಕಿನ ಅದಲುಬದಲು ಇರಬೇಕು. ಹಗಲಿನಲ್ಲಿ ಮೋಡದ ತಲೆ ಬೆಳಗುತ್ತಿರುತ್ತದೆ, ಅಡಿ ಮಂಕಾಗಿರುತ್ತದೆ. ಆ ಕೆಲವು ನಿಮಿಷಗಳಲ್ಲಿ ಅಡಿ ಬೆಳಗುತ್ತದೆ, ತಲೆ ಮಂಕಾಗುತ್ತದೆ. ಸುತ್ತಲಿನ ಆಕಾಶ ಕಪ್ಪಾಗುತ್ತಾ ಹೋದಷ್ಟೂ ಮೋಡ ಇನ್ನಷ್ಟು ಹೊಳೆದಂತೆ ತೋರುತ್ತದೆ. ಬಣ್ಣದ ಪೆಟ್ಟಿಗೆಯನ್ನು ಬದಿಗಿಟ್ಟು ಬರೀ ಇದ್ದಿಲಿನಲ್ಲಿ ಬರೆದರೂ ಆ ಸಂಜೆ ಸಂಜೆಯೆಂದೇ ತಿಳಿಯುತ್ತದೆ. ನಾನು ಹಾಗೆ ಬರೆದೂ ನೋಡಿದ್ದೇನೆ.

ಎಲೆಮರೆ

ಅದೇ, ಅದೇ. ಅಡಿ ಬೆಳಗುವುದು. ಇಷ್ಟು ದಿನ ಅದಕ್ಕೆ ಮಾತು ಸಿಕ್ಕಿರಲಿಲ್ಲ. ಬಹಳ ಧನ್ಯವಾದಗಳು.

ನಡುಬಾನು

ಸಂಜೆ ಕೆಂಪಾದರೆ ಮರುದಿನ ಹವೆ ಚೆನ್ನಾಗಿರುತ್ತದೆ, ಬೆಳಿಗ್ಗೆ ಕೆಂಪಾದರೆ ಬಿರುಗಾಳಿ ಬರುತ್ತದೆ ಎಂದು ಹಡಗಿನವರು ಹೇಳುವುದನ್ನು ಕೇಳಿದ್ದೇನೆ. ಇದರಲ್ಲಿ ಹುರುಳಿದೆಯೇ, ಬರೀ ನಂಬಿಕೆಯೇ?

ಮುಗಿಲ್ಗಾವಲು

ಹುರುಳಿದೆ, ಮತ್ತು ಪಡುವಣ ಕಿಟಕಿ ಅವರ ಎರಡನೆಯ ಪ್ರಶ್ನೆಗೆ ಉತ್ತರವೂ ಇದರೊಳಗೇ ಇದೆ. ಇಷ್ಟು ಹೊತ್ತು ಅದನ್ನು ನಾವು ಯಾರೂ ಮುಟ್ಟಿರಲಿಲ್ಲ.

ಸೂರ್ಯ ಮುಳುಗಿದ ಬಳಿಕ ಮೋಡಕ್ಕೆ ತಾಗುವ ಬೆಳಕು ಭೂಮಿಯ ಮೈಯನ್ನು ಸವರಿಕೊಂಡು ಬರುತ್ತದೆ. ನಮ್ಮ ತಲೆಯ ಮೇಲೆ 2 ಕಿಲೋಮೀಟರ್ ಎತ್ತರದಲ್ಲಿ ಒಂದು ಮೋಡವಿದ್ದರೆ, ಅದಕ್ಕೆ ಕೊನೆಯದಾಗಿ ತಾಗುವ ಕಿರಣ ನೆಲವನ್ನು ಸವರುವುದು ನಮ್ಮಿಂದ 160 ಕಿಲೋಮೀಟರ್ ಪಶ್ಚಿಮದಲ್ಲಿ. ಮೋಡ 10 ಕಿಲೋಮೀಟರ್ ಎತ್ತರದಲ್ಲಿದ್ದರೆ ಆ ಜಾಗ ಸುಮಾರು 350 ಕಿಲೋಮೀಟರ್ ಆಚೆ. ಆ ದಾರಿಯಲ್ಲಿ ಎಲ್ಲಿಯಾದರೂ ದಟ್ಟವಾದ ಮೋಡದ ಗೋಡೆ ಎದ್ದುನಿಂತಿದ್ದರೆ, ಬೆಳಕು ಅಲ್ಲೇ ನಿಂತುಹೋಗುತ್ತದೆ. ನಮ್ಮ ಮೇಲಿನ ಮೋಡಗಳಿಗೆ ಏನೂ ತಲುಪುವುದಿಲ್ಲ. ಅವು ಬೂದಾಗಿಯೇ ಕತ್ತಲಿಗೆ ಸೇರುತ್ತವೆ. ನೀವು ಕಿಟಕಿಯಿಂದ ನೋಡಿದ ಎರಡೂ ಸಂಜೆಗಳಲ್ಲಿ ಮೋಡಗಳು ಒಂದೇ ರೀತಿ ಇದ್ದವು ಎನ್ನುತ್ತೀರಿ. ಅದು ನಿಜವೇ ಇರಬಹುದು. ವ್ಯತ್ಯಾಸವಿದ್ದದ್ದು ನಿಮ್ಮ ದಿಗಂತದ ಆಚೆ, ಕಣ್ಣಿಗೆ ಕಾಣದ ಜಾಗದಲ್ಲಿ. ಪಶ್ಚಿಮದಲ್ಲಿ ನೂರಾರು ಕಿಲೋಮೀಟರ್‌ವರೆಗೆ ಒಂದು ಕಿಂಡಿ ತೆರೆದಿರಬೇಕು, ಮತ್ತು ನಮ್ಮ ಮೇಲೆ ಪರದೆಯಾಗಲು ಮೋಡವಿರಬೇಕು. ಇವೆರಡೂ ಒಟ್ಟಿಗೆ ಕೂಡಿಬರುವುದು ಕೆಲವು ದಿನ ಮಾತ್ರ.

ಹಡಗಿನವರ ಮಾತೂ ಇದೇ. ಸಂಜೆ ಕೆಂಪಾಯಿತೆಂದರೆ ಪಶ್ಚಿಮ ತಿಳಿಯಾಗಿದೆ ಎಂದರ್ಥ. ಧ್ರುವಗಳಿಗೂ ಉಷ್ಣವಲಯಕ್ಕೂ ನಡುವಿನ ಅಕ್ಷಾಂಶಗಳಲ್ಲಿ ಹವೆ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಸರಿಯುವುದರಿಂದ, ಆ ತಿಳಿ ಹವೆ ಮರುದಿನ ಇಲ್ಲಿಗೆ ಬರುತ್ತದೆ. ಬೆಳಿಗ್ಗೆ ಕೆಂಪಾದರೆ ತಿಳಿಯಾದ ಭಾಗ ಆಗಲೇ ಪೂರ್ವಕ್ಕೆ ದಾಟಿಹೋಗಿದೆ, ಮೋಡ ಪಶ್ಚಿಮದಿಂದ ಬರುತ್ತಿದೆ. ಉಷ್ಣವಲಯದ ಬಹುಭಾಗದಲ್ಲಿ ಗಾಳಿ ಪೂರ್ವದಿಂದ ಬೀಸುವುದರಿಂದ ಅಲ್ಲಿ ಈ ಮಾತನ್ನು ನೆಚ್ಚಿಕೊಳ್ಳಬಾರದು.

ಪಡುವಣ ಕಿಟಕಿ

ಇದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ನನ್ನ ಕಿಟಕಿಯ ಮೋಡದ ಬಣ್ಣವನ್ನು 300 ಕಿಲೋಮೀಟರ್ ಆಚೆಯ, ನಾನು ಎಂದೂ ನೋಡದ ಒಂದು ಜಾಗದ ಹವೆ ತೀರ್ಮಾನಿಸುತ್ತಿದೆ ಎಂಬುದು ನನ್ನ ಊಹೆಗೂ ಬಂದಿರಲಿಲ್ಲ.

ಸೂಜಿಮೊನೆ

ಹಾಗಾದರೆ ರಾತ್ರಿ ಹತ್ತು ಗಂಟೆಗೆ ನಗರಗಳ ಮೇಲೆ ಮೋಡ ಕೆಂಪಾಗಿ ಕಾಣುವುದು? ಆಗ ಸೂರ್ಯನೇ ಇರುವುದಿಲ್ಲವಲ್ಲ.

ಬೆಳಕಿನ ಲೆಕ್ಕ

ಪರದೆ ಅದೇ, ದೀಪ ಬೇರೆ. ಬೀದಿಯ ಸೋಡಿಯಂ ದೀಪಗಳು 589 ನ್ಯಾನೋಮೀಟರ್‌ನ ಆಸುಪಾಸಿನ ಕಿತ್ತಳೆ-ಹಳದಿ ಬೆಳಕನ್ನು ಹೆಚ್ಚು ಚೆಲ್ಲುತ್ತವೆ. ಮೋಡ ಅದನ್ನೇ ಹಿಂದಕ್ಕೆ ಕಳಿಸುತ್ತದೆ. ಬಿಳಿ ಎಲ್‌ಇಡಿ ದೀಪಗಳು ಬಂದ ಕಡೆ ರಾತ್ರಿಯ ಮೋಡಗಳು ಬೂದುಬಿಳಿಗೆ ತಿರುಗಿವೆ.

ಮುಗಿಲ್ಗಾವಲು

ಪಡುವಣ ಕಿಟಕಿ ಅವರೇ, ನಿಮ್ಮಿಂದ ಒಂದು ಉಪಕಾರವಾಗಬೇಕು. ಮುಂದಿನ ಸಲ ಕೆಂಪು ಬಂದಾಗ ಗಡಿಯಾರ ಹಿಡಿದು ಕುಳಿತುಕೊಳ್ಳಿ. ಸೂರ್ಯ ನೆಟ್ಟಗೆ ಇಳಿಯುವ ಕಡೆಗಳಲ್ಲಿ 1 ಡಿಗ್ರಿ ಇಳಿಯಲು 4 ನಿಮಿಷ ಬೇಕು. ಆ ಲೆಕ್ಕದಲ್ಲಿ ನೆತ್ತಿಯ ಮೇಲೆ 2 ಕಿಲೋಮೀಟರ್ ಎತ್ತರದ ಮೋಡ ಸುಮಾರು 6 ನಿಮಿಷಕ್ಕೆ, 10 ಕಿಲೋಮೀಟರ್ ಎತ್ತರದ್ದು ಸುಮಾರು 13 ನಿಮಿಷಕ್ಕೆ ಆರಬೇಕು. ಸೂರ್ಯ ಓರೆಯಾಗಿ ಇಳಿಯುವ ಕಡೆಗಳಲ್ಲಿ ಇನ್ನೂ ಹೆಚ್ಚು ಹೊತ್ತು. ಪೂರ್ವದ ಮೋಡ ಮೊದಲು ಆರುತ್ತದೆ, ಪಶ್ಚಿಮದ್ದು ಕೊನೆಗೆ.

ಪಡುವಣ ಕಿಟಕಿ

ಮೂರು ದಿನ ಬರೀ ಬೂದು. ಇವತ್ತು ಬಂತು! ಸೂರ್ಯ ಮುಳುಗಿದ್ದು 6 ಗಂಟೆ 31 ನಿಮಿಷಕ್ಕೆ. ಊರುಗೋಲಿನ ಆಸರೆಯಲ್ಲಿ ಮಹಡಿಯ ಮೆಟ್ಟಿಲು ಹತ್ತಿ ನಾಲ್ಕೂ ದಿಕ್ಕು ನೋಡಿದೆ. ಕೆಳಗಿನ ಉಂಡೆಮೋಡಗಳು 6.38ರ ಹೊತ್ತಿಗೆ ಬೂದಿಯಾದವು. ಅಷ್ಟರವರೆಗೆ ಬೆಳ್ಳಗೇ ಇದ್ದ ಮೇಲಿನ ಗರಿಮೋಡಗಳು ಆಗ ಹಳದಿಗೆ ತಿರುಗಿ, 6.42ಕ್ಕೆ ದಾಸವಾಳದ ಕೆಂಪಾಗಿ, 6.46ಕ್ಕೆ ಆರಿದವು. ಪಶ್ಚಿಮದ ದಿಗಂತದಲ್ಲಿ ಒಂದು ಎಳೆಯಷ್ಟು ಕೆಂಪು ಮಾತ್ರ 6.55ರವರೆಗೂ ಇತ್ತು. ಇನ್ನೊಂದನ್ನು ಕಂಡೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಪೂರ್ವದ ದಿಗಂತದಲ್ಲಿ, ಮೋಡವೇ ಇಲ್ಲದ ಕಡೆ, ತಿಳಿಗುಲಾಬಿಯ ಒಂದು ಪಟ್ಟಿ, ಅದರ ಕೆಳಗೆ ಬೂದುನೀಲಿಯ ಇನ್ನೊಂದು ಪಟ್ಟಿ ಎದ್ದವು. ಅದೇನು?

ಮುಗಿಲ್ಗಾವಲು

ಕೆಳಗಿನ ಬೂದುನೀಲಿ ಪಟ್ಟಿ ಭೂಮಿಯ ನೆರಳು. ಮೇಲಿನ ಗುಲಾಬಿ, ನಿಮ್ಮ ಗರಿಮೋಡಕ್ಕೆ ಬಣ್ಣ ಕೊಟ್ಟ ಅದೇ ಕೆಂಪು ಬೆಳಕು, ಈ ಸಲ ಮೋಡದ ಬದಲು ಬರೀ ಗಾಳಿಯ ಮೇಲೆ ಬಿದ್ದು ನಿಮ್ಮ ಕಡೆಗೆ ಮರಳಿದ್ದು. ನೆರಳು ಮೇಲೇರುತ್ತಾ ಹೋದಂತೆ ಅದರ ಅಂಚು ಮಸುಕಾಗಿ ಕಣ್ಣಿಗೆ ಸಿಗದಂತಾಗುತ್ತದೆ. ಆದರೆ ಆ ಅಂಚು ನಿಮ್ಮ ತಲೆಯ ಮೇಲೆ ಹಾದುಹೋದ ಹೊತ್ತನ್ನು ನೀವು ಆಗಲೇ ಬರೆದಿಟ್ಟಿದ್ದೀರಿ: ಕೆಳಗಿನ ಮೋಡಗಳ ಮಟ್ಟದಲ್ಲಿ 6.38, ಗರಿಮೋಡಗಳ ಮಟ್ಟದಲ್ಲಿ 6.46.